ಎರಡು ಸಾಲು, ಒಂದೇ ಹೆಸರು

ಮಾರ್ಚ್ 4

ಅಪ್ಪನಿಗೆ,

ಕ್ಷೇಮಸಮಾಚಾರ ಕೊನೆಗೆ, ಮೊದಲು ಜಗಳ. ನಿನ್ನ ಕೈಬರಹ ನನಗೆ ಗೊತ್ತು, ನಿನ್ನ ಸಿಟ್ಟು ಗೊತ್ತು, ಆದರೆ ನೀನು ಬರೆದ ಪ್ರೋಗ್ರಾಮನ್ನು ಓದುತ್ತಿರುವುದು ಇದೇ ಮೊದಲು. ಮೂರು ವಾರದಿಂದ ಅದರೊಳಗೇ ಬಿದ್ದುಕೊಂಡಿದ್ದೇನೆ. ನಮ್ಮ ಕಾರ್ಖಾನೆಯ ಮುಖ್ಯಸ್ಥರು "ಅಪ್ಪ ಕಟ್ಟಿದ್ದನ್ನ ಮಗಳೇ ಬಿಚ್ಚಲಿ" ಎಂದು ನಗುತ್ತ ಅದನ್ನು ನನ್ನ ಮೇಜಿಗೆ ತಳ್ಳಿದರು. ಹಸುಗೂಸುಗಳ ವಾರ್ಡಿಗೆಂದು ನೀನು ಮಾಡಿದ ಗಂಟೆಯ ಯಂತ್ರ. ಯಾವ ಮಗುವಿನ ಉಸಿರು ಏರುಪೇರಾದರೂ ಗಂಟೆ ಬಾರಿಸಿ, ಆ ಮಗುವಿನ ಹೆಸರನ್ನು ನರ್ಸುಗಳ ಮೇಜಿನ ಪರದೆಯ ಮೇಲೆ ತೋರಿಸುತ್ತದಲ್ಲ, ಅದೇ. ಇಪ್ಪತ್ತಾರು ವರ್ಷದಿಂದ ಓಡುತ್ತಿದೆ. ಈಗ ಅದನ್ನು ಹೊಸ ಭಾಷೆಯಲ್ಲಿ ಮತ್ತೆ ಬರೆಯಬೇಕು.

ನಿನ್ನ ಬರವಣಿಗೆ ಅಚ್ಚುಕಟ್ಟು, ಒಪ್ಪುತ್ತೇನೆ. ಒಂದು ಕಡೆ ಮಾತ್ರ, "ಹೆಸರು ಕೊಡು" ಎಂಬ ಹನ್ನೊಂದು ಸಾಲಿನ ತುಂಡಿನ ತಲೆಯ ಮೇಲೆ "ಓಡುತ್ತಿದೆ, ಕೈ ಹಾಕಬೇಡಿ" ಎಂದು ಬರೆದಿದ್ದೀಯ. ನಾನು ಕೈ ಹಾಕಿದೆ. ತೊಟ್ಟಿಲಿನ ಸಂಖ್ಯೆ ಹೇಳಿದರೆ ಮಗುವಿನ ಹೆಸರು ಕೊಡುವುದು ಅದರ ಕೆಲಸ. ಇದಕ್ಕಿಂತ ಸುಲಭದ್ದು ಇನ್ನೇನಿದೆ ಎಂದು ಹಾಗೇ ಹೊಸ ಭಾಷೆಗೆ ಇಳಿಸಿದೆ.

ಈ ಭಾಷೆಯ ಕಂಪೈಲರನ್ನು ನೀನು ನೋಡಬೇಕು. ನಿನ್ನ ಕಾಲದ ಕಂಪೈಲರುಗಳು ಸಾಧು ಪ್ರಾಣಿಗಳು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿಕೊಟ್ಟು ಸುಮ್ಮನಾಗುತ್ತಿದ್ದವು. ಇದು ಪ್ರೋಗ್ರಾಮು ಓಡುವ ಮೊದಲೇ ಪ್ರತಿ ಸಾಲಿಗೂ ಅಡ್ಡಗಾಲು ಹಾಕುತ್ತದೆ. ನಾವಿಲ್ಲಿ ಇದನ್ನು ತಕರಾರಮ್ಮ ಎಂದು ಕರೆಯುತ್ತೇವೆ. ನಿನ್ನ ಹನ್ನೊಂದು ಸಾಲು ನೋಡಿ ತಕರಾರಮ್ಮ ಅಂದದ್ದಿಷ್ಟು: ನೀನು ಹಿಂದಿರುಗಿಸುತ್ತಿರುವುದು ಎರವಲು ವಸ್ತು, ಆದರೆ ಯಾರಿಂದ ಎರವಲು ತಂದೆ ಎಂದು ಎಲ್ಲೂ ಹೇಳಿಲ್ಲ.

ಒಂದು ಹೆಸರಿಗೆ ಇಷ್ಟು ವಿಚಾರಣೆಯೇ? ಮೂರು ದಿನ ಕಾದಾಡಿ ಸೋತಿದ್ದೇನೆ. ನಿನಗೇನಾದರೂ ಹೊಳೆದರೆ ಬರೆ. ನಾನು ಕ್ಷೇಮ. ನೀನು ಮಫ್ಲರ್ ಸುತ್ತಿಕೊಳ್ಳದೆ ದೋಣಿ ನಿಲ್ಲುವ ದಕ್ಕೆಗೆ ಹೋಗಬೇಡ.

ನಿನ್ನ
ಅರ್ಧವಿರಾಮ

---

ಮಾರ್ಚ್ 17

ಚಿ. ಅರ್ಧವಿರಾಮಳಿಗೆ,

ನಿನ್ನ ಕಾಗದವನ್ನು ಕೆಳಗಿನ ಸೈಕಲ್ ರಿಪೇರಿಯವನಿಗೂ ಓದಿ ಹೇಳಿದೆ. "ನಿಮ್ಮ ಮಗಳಿಗೆ ಅಡ್ಡಹೆಸರು ಇಡೋ ಚಟ ನಿಮ್ಮಿಂದಲೇ ಬಂದಿದೆ" ಎಂದ. ಆರು ವರ್ಷದ ಕೂಸು ನನ್ನ ತೊಡೆಯ ಮೇಲೆ ಕೂತು, ಎರಡು ದಿನದಿಂದ ನಾನು ಹುಡುಕುತ್ತಿದ್ದ ತಪ್ಪಿನ ಮೇಲೆ ಬೆರಳಿಟ್ಟು "ಇಲ್ಲಿ ಚುಕ್ಕಿಬಾಲ ಇಲ್ಲ" ಎಂದರೆ ಅವಳಿಗೆ ಅರ್ಧವಿರಾಮ ಎಂದಲ್ಲದೆ ಇನ್ನೇನು ಹೆಸರಿಡಲಿ ಎಂದು ಅವನಿಗೆ ಹೇಳಿದೆ.

ಈಗ ನಿನ್ನ ತಕರಾರಮ್ಮನ ವಿಷಯ. ಓಡದೇ ಇರುವುದರಲ್ಲಿ ತಪ್ಪು ಹುಡುಕುವವರನ್ನು ನಾನು ನಂಬುವುದಿಲ್ಲ. ಓಡಿಸಿ ನೋಡಬೇಕು. ನಾನು ಆ ಯಂತ್ರವನ್ನು ಕೈಬಿಡುವ ಮೊದಲು ಒಂದೊಂದು ತೊಟ್ಟಿಲಿನ ಗಂಟೆಯನ್ನೂ ಒಂದಾದ ಮೇಲೊಂದು ಸಾವಿರ ಸಲ ಬಾರಿಸಿ ನೋಡಿದ್ದೇನೆ. ಒಮ್ಮೆಯೂ ಹೆಸರು ತಪ್ಪಿದ್ದಿಲ್ಲ.

ಎರವಲು ಯಾರದೆಂದು ಕೇಳುತ್ತಾಳೋ? ಇಂಥ ಭಾಷೆಗಳಲ್ಲಿ "ಈ ವಸ್ತು ಪ್ರೋಗ್ರಾಮು ಇರುವಷ್ಟು ಕಾಲವೂ ಇರುತ್ತದೆ" ಎಂದು ಬರೆದುಕೊಡುವ ಗುರುತು ಇದ್ದೇ ಇರುತ್ತದೆ. ಅದನ್ನು ಹಚ್ಚಿ ಅವಳ ಬಾಯಿ ಮುಚ್ಚಿಸು. ಹಟಮಾರಿಗಳ ಹತ್ತಿರ ವಾದಕ್ಕೆ ಇಳಿಯಬಾರದು. ನಾನೇ ಹಟಮಾರಿಯಾದ್ದರಿಂದ ಅನುಭವದಿಂದ ಹೇಳುತ್ತಿದ್ದೇನೆ.

ಕಿವಿ ಇನ್ನಷ್ಟು ಮಂದವಾಗಿದೆ. ಫೋನು ಬಂದರೂ ಕೇಳುವುದಿಲ್ಲ, ಹಾಗಾಗಿ ಕಾಗದವೇ ವಾಸಿ. ಮನೆಗೆ ಕಂಪ್ಯೂಟರ್ ತರುವುದಿಲ್ಲ ಎಂಬ ಶಪಥ ಹಾಗೇ ಇದೆ. ಮಫ್ಲರ್ ಸುತ್ತಿಕೊಂಡೇ ಹೋಗುತ್ತೇನೆ.

ಅಪ್ಪ

---

ಏಪ್ರಿಲ್ 2

ಅಪ್ಪನಿಗೆ,

ನೀನು ಹೇಳಿದ ಗುರುತು ಇದೆ. ಹಚ್ಚಿದೆ. ಅದು ನೀನು ನಿನ್ನ ಕಾಗದದಲ್ಲಿ ನನ್ನ ಹೆಸರಿಗೆ ಮೊದಲು ಹಾಕುವ "ಚಿ." ಇದ್ದ ಹಾಗೆ. ಚಿರಂಜೀವಿ ಎಂದು ಬರೆದ ಮಾತ್ರಕ್ಕೆ ಯಾರೂ ಚಿರಂಜೀವಿಯಾಗುವುದಿಲ್ಲ ಎಂಬುದು ತಕರಾರಮ್ಮನಿಗೆ ಗೊತ್ತಿದೆ. ಈ ಸಲ ಅವಳು ಅಂದದ್ದು: ನೀನು ಹಿಂದಿರುಗಿಸುತ್ತಿರುವ ಹೆಸರು ಈ ತುಂಡಿನೊಳಗೇ ಹುಟ್ಟಿದ್ದು, ಈ ತುಂಡಿನ ಜೊತೆಗೇ ಸಾಯುತ್ತದೆ. ಹೊರಗೆ ಕಳಿಸುವಂತಿಲ್ಲ.

ಆಗ ನನಗೆ ಹೊಳೆಯಿತು. ನಿನ್ನ ತುಂಡು ಕೆಲಸ ಶುರು ಮಾಡುವಾಗ ಅದಕ್ಕೆ ಗೀಚಿಕೊಳ್ಳಲು ಒಂದು ಕರಿಹಲಗೆ ಸಿಗುತ್ತದೆ ಅಂದುಕೋ. ಮಗುವಿನ ಹೆಸರನ್ನು ಅದರ ಮೇಲೆ ಬರೆಯುತ್ತದೆ. ಕೆಲಸ ಮುಗಿದ ಕೂಡಲೇ ಆ ಹಲಗೆ ಮುಂದೆ ಬಂದವರ ಪಾಲು. ನೀನು ಪರದೆಗೆ ಕಳಿಸಿದ್ದು ಹೆಸರನ್ನಲ್ಲ ಅಪ್ಪ. "ಹೆಸರು ಆ ಹಲಗೆಯ ಮೇಲಿದೆ, ಹೋಗಿ ನೋಡಿಕೊಳ್ಳಿ" ಎಂಬ ಚೀಟಿಯನ್ನು. ಹಲಗೆಯನ್ನು ಯಾರೂ ಒರೆಸುವುದಿಲ್ಲವಾದ್ದರಿಂದ, ಇನ್ನೊಬ್ಬರು ಬಂದು ಬರೆಯುವ ಮೊದಲು ಪರದೆ ಓದಿಕೊಂಡರೆ ಎಲ್ಲವೂ ಸರಿ. ಇಪ್ಪತ್ತಾರು ವರ್ಷ ಪರದೆ ಓಡೋಡಿ ಬಂದು ಓದಿಕೊಂಡಿದೆ.

ನಾನು ಕುರ್ಚಿಗೆ ಒರಗಿಬಿಟ್ಟೆ. ಪಕ್ಕದ ಮೇಜಿನವಳು ಹುಷಾರಿಲ್ಲವಾ ಎಂದು ಕೇಳಿದಳು. ಹುಷಾರಾಗಿಯೇ ಇದ್ದೆ, ಬೆರಗಾಗಿತ್ತು. ಇನ್ನೂ ಒಂದು ಸಾಲೂ ಓಡಿಲ್ಲ, ಒಂದು ತೊಟ್ಟಿಲಿಗೂ ತಂತಿ ಹಾಕಿಲ್ಲ. ಆದರೂ ಈ ಚೀಟಿ ತಾನು ತೋರಿಸುವ ಹೆಸರಿಗಿಂತ ಹೆಚ್ಚು ಕಾಲ ಬದುಕುತ್ತದೆ ಎಂದು ಅದಕ್ಕೆ ಗೊತ್ತು. ಬರೆದಿಟ್ಟ ಅಕ್ಷರಗಳನ್ನು ಓದಿಯೇ ಯಾವುದು ಯಾವುದಕ್ಕಿಂತ ಮೊದಲು ಹೋಗುತ್ತದೆ ಎಂದು ಹೇಳಬಲ್ಲದ್ದು ಈ ಲೋಕದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬೈದುಕೊಂಡಿದ್ದಕ್ಕೆಲ್ಲ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡೆ.

ಇನ್ನೊಂದು ಪ್ರಶ್ನೆ ಇದೆ. ಎರಡು ಮಕ್ಕಳ ಗಂಟೆ ಒಂದೇ ಕ್ಷಣಕ್ಕೆ ಹೊಡೆದರೆ? ಮೊದಲನೆಯ ಹೆಸರನ್ನು ಪರದೆ ಓದುವ ಮೊದಲೇ ಎರಡನೆಯ ಹೆಸರು ಅದೇ ಹಲಗೆಯ ಮೇಲೆ ಕೂರುತ್ತದೆ. ಚೀಟಿ ಎರಡು, ಹಲಗೆ ಒಂದು.

ಅಪ್ಪ, ನನಗಾಗ ಒಂಬತ್ತು ವರ್ಷ. ಆ ವಾರ್ಡಿನಲ್ಲೇ ನರ್ಸಾಗಿದ್ದ ಅತ್ತೆ ನಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನಿನಗೆ ಹೇಳಿದ ಮಾತು ನನಗೆ ನೆನಪಿದೆ. "ಪರದೆ ಮೇಲೆ ಎರಡು ಸಾಲಲ್ಲೂ ಅದೇ ಹೆಸರಿತ್ತು ಕಣೋ." ನೀನು ಪೇಪರಿನಿಂದ ತಲೆ ಎತ್ತಲಿಲ್ಲ. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಅವತ್ತು ವಾರ್ಡಿನಲ್ಲಿ ಏನಾಯಿತು?

ಅರ್ಧವಿರಾಮ

---

ಮೇ 1

ಚಿ. ಅರ್ಧವಿರಾಮಳಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಇಲ್ಲಿ ಗಾಳಿ ಜಾಸ್ತಿ. ಕಿಟಕಿಯ ಒಂದು ಗಾಜು ಒಡೆದು ರಟ್ಟು ಹಚ್ಚಿದ್ದೇನೆ.

ಮೂರು ದಿನ ಆಸ್ಪತ್ರೆಯವರ ಎದುರಿಗೇ ಯಂತ್ರವನ್ನು ಪರೀಕ್ಷೆ ಮಾಡಿದ್ದೇನೆ. ಅದು ಮುಗಿದ ಮಾತು. ನಿನ್ನ ಕೆಲಸ ಹೊಸದನ್ನು ಬರೆಯುವುದು.

ಅಪ್ಪ

---

ಮೇ 9

ಅತ್ತೆಗೆ ನಮಸ್ಕಾರಗಳು.

ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ. ಆದರೂ ಬಾಗಿಲು ತಟ್ಟುವ ಧೈರ್ಯವಾಗದೆ ಕಾಗದ ಬರೆಯುತ್ತಿದ್ದೇನೆ. ನಾನು ನಿಮ್ಮ ತಮ್ಮನ ಮಗಳು. ಅಮ್ಮ ಹೋದ ಮೇಲೆ ನಾಲ್ಕು ವರ್ಷ ಬೆಳಗಿನ ಪಾಳಿಗೆ ಹೊರಡುವ ಮೊದಲು ನೀವು ಬಂದು ಜಡೆ ಹಾಕುತ್ತಿದ್ದಿರಲ್ಲ, ಅವಳು. ಜಡೆ ಎಷ್ಟು ಬಿಗಿಯೆಂದರೆ ಮಧ್ಯಾಹ್ನದವರೆಗೂ ಹುಬ್ಬು ಮೇಲೆದ್ದೇ ಇರುತ್ತಿತ್ತು. ನಿಮ್ಮ ಬೆರಳ ತುದಿಯಲ್ಲಿ ಯಾವಾಗಲೂ ನೀಲಿ ಶಾಯಿ ಇರುತ್ತಿತ್ತು. ನರ್ಸಿಗೆ ಶಾಯಿ ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ.

ನಾನೀಗ ಅಪ್ಪನ ಹಳೆಯ ಕಾರ್ಖಾನೆಯಲ್ಲೇ ಇದ್ದೇನೆ. ಅವರ ಗಂಟೆಯ ಯಂತ್ರವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಅದರೊಳಗೆ ಒಂದು ತಪ್ಪು ಇದೆ ಅಂತ ನನಗನ್ನಿಸುತ್ತದೆ. ನಿಮ್ಮ ಮಾತು ನಿಜವಾಗಿತ್ತು ಅಂತಲೂ ಅನ್ನಿಸುತ್ತದೆ. ಅನಿಸಿಕೆ ಸಾಲದು, ಖಚಿತವಾಗಬೇಕು. ಅವತ್ತು ನೀವು ಕಂಡದ್ದನ್ನು ಕಂಡ ಹಾಗೇ ಬರೆಯುತ್ತೀರಾ? ಮನಸ್ಸಿಲ್ಲದಿದ್ದರೆ ಬೇಡ. ಈ ಕಾಗದಕ್ಕೆ ಉತ್ತರ ಬರದಿದ್ದರೂ ನನಗೆ ಬೇಸರವಿಲ್ಲ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು.

ನಿಮ್ಮ
ಜಡೆ ಹುಡುಗಿ

---

ಮೇ 21

ಮಗೂ,

ನಿನ್ನ ಕಾಗದವನ್ನು ನಾಲ್ಕು ದಿನ ಒಡೆಯಲಿಲ್ಲ. ಅಕ್ಷರ ನಿಮ್ಮಪ್ಪನದೇ. ಹಿಂದೆ ಬರೆದ ಹೆಸರು ನೋಡದೆ ಅವನೇ ಬರೆದನೇನೋ ಅಂದುಕೊಂಡೆ.

ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ. ಬೆಳಗಿನ ಪಾಳಿ, ಹನ್ನೊಂದು ಗಂಟೆ ಹತ್ತಿರ. ವಾರ್ಡಿನಲ್ಲಿ ಒಂಬತ್ತು ಮಕ್ಕಳು. ತೂಕ ನೋಡುವುದಕ್ಕೆ, ಬಿಸಿಲಿಗೆ ಹಿಡಿಯುವುದಕ್ಕೆ ತೊಟ್ಟಿಲುಗಳನ್ನು ಆಚೀಚೆ ತಳ್ಳುತ್ತಲೇ ಇರುತ್ತಿದ್ದೆವು. ಆದ್ದರಿಂದ ಜಾಗ ನೋಡುತ್ತಿರಲಿಲ್ಲ, ಹೆಸರು ನೋಡಿ ಓಡುತ್ತಿದ್ದೆವು. ಗಂಟೆ ಎರಡು ಸಲ ಒಟ್ಟಿಗೇ ಹೊಡೆದ ಹಾಗಾಯಿತು. ಪರದೆ ನೋಡಿದೆ. ಎರಡು ಸಾಲು, ಎರಡರಲ್ಲೂ ಒಂದೇ ಹೆಸರು. ಒಂದೇ ಮಗುವಿಗೆ ಎರಡು ಸಲ ಹೊಡೆಯಿತು ಅಂದುಕೊಂಡೆ. ಆ ಮಗುವಿನ ಹತ್ತಿರ ಹೋದೆ, ಎತ್ತಿಕೊಂಡೆ, ಬೆನ್ನು ಉಜ್ಜಿದೆ, ಉಸಿರು ಬಂತು. ಸಮಾಧಾನವಾಗಿ ತಿರುಗಿ ನೋಡುತ್ತೇನೆ, ಕಿಟಕಿ ಹತ್ತಿರದ ತೊಟ್ಟಿಲಲ್ಲಿ ಇನ್ನೊಂದು ಮಗು ನೀಲಿಯಾಗಿದೆ. ನಾಲ್ಕು ನಿಮಿಷ ಅದರ ಹತ್ತಿರ ಯಾರೂ ಇರಲಿಲ್ಲ.

ಅದು ಉಳಿಯಿತು. ಇದನ್ನು ಮೊದಲೇ ಬರೆಯಬೇಕಿತ್ತು, ನೀನು ಹೆದರಿಕೊಂಡೇ ಓದಿರುತ್ತೀಯ. ನೀಲಿ ಬಣ್ಣ ಹೋಗಿ ತುಟಿಯಿಂದ ಕೆಂಪು ಹರಡುತ್ತ ಬರುವುದನ್ನು ನೀನು ನೋಡಿಲ್ಲ. ಇಪ್ಪತ್ತು ವರ್ಷ ನೋಡಿದರೂ ನನಗೆ ಅದು ಹಳೆಯದಾಗಲಿಲ್ಲ. ಒಂದು ಹಿಡಿ ಜೀವ, ಬರುವುದೋ ಹೋಗುವುದೋ ಎಂದು ಹೊಸ್ತಿಲಲ್ಲಿ ನಿಂತು, ಆಮೇಲೆ ಬರುತ್ತೇನೆ ಎಂದು ನಿರ್ಧಾರ ಮಾಡಿದ ಹಾಗೆ ಒಮ್ಮೆ ಕಿರುಚುತ್ತದೆ. ಆ ಮಗುವಿಗೀಗ ಹತ್ತೊಂಬತ್ತು ತುಂಬಿರಬೇಕು. ಬೀದಿಯಲ್ಲಿ ಆ ವಯಸ್ಸಿನವರನ್ನು ಕಂಡಾಗಲೆಲ್ಲ ಇವರೇ ಇರಬಹುದು ಅಂದುಕೊಳ್ಳುತ್ತೇನೆ.

ವಿಚಾರಣೆಯಲ್ಲಿ ನಾನು ಹೇಳಿದ್ದು ಇಷ್ಟೇ. ನಿಮ್ಮಪ್ಪ ಬಂದು ಮೂರು ದಿನ ಯಂತ್ರ ಓಡಿಸಿ ತೋರಿಸಿದ. ಕೊನೆಗೆ "ಯಂತ್ರ ಸುಳ್ಳು ಹೇಳಲ್ಲ" ಅಂದ. ಹಾಗಾದರೆ ಸುಳ್ಳು ಹೇಳಿದವಳು ನಾನೇ ಆದೆ. ನನ್ನ ಕಡತದಲ್ಲಿ "ಅಲಕ್ಷ್ಯ" ಎಂದು ಬರೆದರು. ಹದಿನೈದು ವರ್ಷ ಬಟ್ಟೆಯ ಉಗ್ರಾಣದಲ್ಲಿ ಹಾಸಿಗೆ ಹೊದಿಕೆ ಎಣಿಸಿ ನಿವೃತ್ತಳಾದೆ. ಮಕ್ಕಳ ವಾರ್ಡಿಗೆ ಮತ್ತೆ ಕಾಲಿಡಲಿಲ್ಲ.

ಶಾಯಿಯ ಮಾತು ಎತ್ತಿದ್ದೀಯಲ್ಲ. ಹಸುಗೂಸಿಗೆ ತನ್ನದೇ ಹೆಸರಿರುವುದಿಲ್ಲವಲ್ಲ, ತಾಯಿಯ ಹೆಸರು ಹೇಳಿ ಇವಳ ಮಗು ಅಂತಾರೆ. ಯಂತ್ರ ಬರುವ ಮೊದಲು ನಾನು ಅದನ್ನು ಬಟ್ಟೆಯ ಪಟ್ಟಿಯ ಮೇಲೆ ಶಾಯಿಯಲ್ಲಿ ಬರೆದು ಮಗುವಿನ ಕಾಲಿಗೆ ಕಟ್ಟುತ್ತಿದ್ದೆ. ಯಂತ್ರ ಬಂದ ಮೇಲೂ ಕೆಲವು ವರ್ಷ ಬಿಡಲಿಲ್ಲ. ಆಮೇಲೆ ಪರದೆ ಇದೆಯಲ್ಲ ಎಂದು ನಿಲ್ಲಿಸಿದರು. ಹೆಸರು ಮಗುವಿನ ಮೈಮೇಲಿರಬೇಕು, ಗೋಡೆಯ ಮೇಲಲ್ಲ. ನನಗೆ ಗೊತ್ತಿರುವುದು ಅಷ್ಟೇ.

ಖಚಿತವಾದರೆ ತಿಳಿಸು. ಆಗದಿದ್ದರೂ ಬಾ. ಜಡೆ ಇಟ್ಟಿದ್ದೀಯೋ ಕತ್ತರಿಸಿದ್ದೀಯೋ?

ಅತ್ತೆ

---

ಜೂನ್ 14

ಅಪ್ಪನಿಗೆ,

ಈ ಕಾಗದವನ್ನು ಕೂತು ಓದು. ಸೈಕಲ್‌ನವರಿಗೆ ಓದಿ ಹೇಳಬೇಡ.

ನಮ್ಮ ಕಾರ್ಖಾನೆಯ ಉಗ್ರಾಣದಲ್ಲಿ ನಿನ್ನ ಕಾಲದ ಯಂತ್ರ ಒಂದು ಉಳಿದಿತ್ತು. ಧೂಳು ಒರೆಸಿ, ನಿನ್ನ ಪ್ರೋಗ್ರಾಮನ್ನು ಒಂದಕ್ಷರ ಬದಲಿಸದೆ ಹಾಕಿ, ಎರಡು ತೊಟ್ಟಿಲುಗಳ ತಂತಿಯನ್ನು ಒಂದೇ ಗುಂಡಿಗೆ ಕಟ್ಟಿದೆ. ಒತ್ತಿದರೆ ಎರಡೂ ಗಂಟೆ ಒಂದೇ ಕ್ಷಣಕ್ಕೆ ಹೊಡೆಯಬೇಕು. ಮೊದಲ ನೂರು ಸಲ ಎರಡು ಹೆಸರೂ ಸರಿಯಾಗಿ ಬಂದವು. ಇನ್ನೂರಾಯಿತು, ಮುನ್ನೂರಾಯಿತು. ನಿನ್ನ ಮಾತೇ ನಿಜವಾಗಲಿ ಎಂದು ಒಳಗೊಳಗೇ ಬಯಸುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಾನೂರ ಹನ್ನೆರಡನೆಯ ಸಲ ಒತ್ತಿದಾಗ ಪರದೆಯ ಮೇಲೆ ಎರಡು ಸಾಲು ಬಂದವು. ಎರಡರಲ್ಲೂ ಒಂದೇ ಹೆಸರು.

ಅಪ್ಪ, ನನ್ನ ಕೈ ಇನ್ನೂ ಗುಂಡಿಯ ಮೇಲೆಯೇ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಹೆಂಗಸು ಒಂಟಿಯಾಗಿ ಕಂಡದ್ದನ್ನು ನಾನೂ ಕಾಣುತ್ತಿದ್ದೆ. ಅವರು ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ಅಲ್ಲಿ ಹೊಳೆಯುತ್ತಿತ್ತು. ಕಂಪೈಲರ್ ತಂತಿಯಿಲ್ಲದೆ, ಗಂಟೆಯಿಲ್ಲದೆ ಹೇಳಿದ್ದೂ ಅದನ್ನೇ.

ಮುಖ್ಯಸ್ಥರನ್ನು ಕರೆದು ಅವರ ಎದುರಿಗೇ ಮತ್ತೆ ತೋರಿಸಿದೆ. ಅವತ್ತೇ ಆಸ್ಪತ್ರೆಗೆ ತಿಳಿಸಿದರು. ಹೊಸ ಯಂತ್ರ ಹೋಗುವವರೆಗೆ ಗಂಟೆ ಹೊಡೆದಾಗಲೆಲ್ಲ ಎಲ್ಲ ತೊಟ್ಟಿಲುಗಳನ್ನೂ ನೋಡಬೇಕು, ಮಕ್ಕಳ ಕಾಲಿಗೆ ಬಟ್ಟೆಯ ಪಟ್ಟಿ ಕಟ್ಟಬೇಕು ಎಂದು ಆಜ್ಞೆಯಾಗಿದೆ. ಪಟ್ಟಿಯ ಯೋಚನೆ ನನ್ನದಲ್ಲ, ಅತ್ತೆಯದು. ಹೌದು, ಅವರಿಗೆ ಬರೆದೆ. ಅವರು ಉತ್ತರ ಬರೆದರು.

ತಕರಾರಮ್ಮನ ಕಥೆಯನ್ನೂ ಮುಗಿಸುತ್ತೇನೆ. ಹಲಗೆಯ ಸಹವಾಸ ಬೇಡ, ತಾಯಂದಿರ ಪಟ್ಟಿಯಿಂದಲೇ ನೇರ ಹೆಸರನ್ನು ಎರವಲು ಕೊಡೋಣ ಎಂದು ಬರೆದೆ. ಈ ಭಾಷೆಯಲ್ಲಿ ಆಯುಷ್ಯದ ಗುರುತು ಎಂದೊಂದಿದೆ. ಈ ಎರವಲಿನ ಆಯುಷ್ಯ ಆ ಪಟ್ಟಿಯ ಆಯುಷ್ಯಕ್ಕೆ ಕಟ್ಟಿದೆ ಎಂದು ಬರೆದುಕೊಡುವುದು. ಹಾಗೆ ಬರೆದದ್ದರಿಂದ ಯಾವುದರ ಆಯುಷ್ಯವೂ ಒಂದು ಗಳಿಗೆ ಹೆಚ್ಚುವುದಿಲ್ಲ. ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂದು ಒಪ್ಪಿಕೊಂಡ ಹಾಗೆ, ಅಷ್ಟೇ. ಒಪ್ಪಿಕೊಂಡೆ. ಅವಳೂ ಆ ಸಾಲನ್ನು ಒಪ್ಪಿದಳು. ಆದರೆ ತಾಯಿ ಆಸ್ಪತ್ರೆ ಬಿಟ್ಟಾಗ ಪಟ್ಟಿಯಿಂದ ಅವಳ ಸಾಲನ್ನು ತೆಗೆಯುವ ಕಡೆ ಅಡ್ಡ ನಿಂತಳು. ಇದನ್ನು ಈಗ ತೆಗೆಯುವಂತಿಲ್ಲ, ಇದರಿಂದ ತಂದ ಎರವಲು ಇನ್ನೂ ಬಳಕೆಯಲ್ಲಿದೆ ಎಂದಳು.

ತಾಯಿ ಹೊರಟು ಮಗು ಉಳಿಯುವುದುಂಟು. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿರಬೇಕು? ಆದರೂ ಬರೆಯುವಾಗ ನನಗೆ ನೆನಪಾಗಲಿಲ್ಲ. ಅದನ್ನು ನೆನಪಿಸಿದ್ದು ಮನೆಯಿಲ್ಲದ, ಅಮ್ಮನಿಲ್ಲದ ಒಂದು ಕಂಪೈಲರ್. ಕಣ್ಣಲ್ಲಿ ನೀರು ಬಂತು.

ಕೊನೆಗೆ ಅತ್ತೆ ಮಾಡುತ್ತಿದ್ದದ್ದನ್ನೇ ಮಾಡಿದೆ. ಮಗು ತೊಟ್ಟಿಲಿಗೆ ಬಂದ ಕೂಡಲೇ ಹೆಸರಿನ ಪ್ರತಿ ಮಾಡಿ ಆ ಮಗುವಿನ ಸ್ವಂತಕ್ಕೆ ಕಟ್ಟಿಬಿಟ್ಟೆ. ಗಂಟೆ ಹೊಡೆದಾಗ ಪರದೆಗೆ ಹೋಗುವುದು ಚೀಟಿಯಲ್ಲ, ಹೆಸರೇ. ತಕರಾರಮ್ಮ ಏನೂ ಹೇಳಲಿಲ್ಲ. ಅವಳು ಸುಮ್ಮನಾದರೆ ಎಷ್ಟು ದೊಡ್ಡ ಸಮಾಧಾನ ಎಂದು ನಿನಗೆ ಹೇಗೆ ತಿಳಿಸಲಿ.

ನನ್ನ ಕೆಲಸ ಇಲ್ಲಿಗೆ ಮುಗಿಯಿತು. ಅತ್ತೆಯ ಕಡತದಲ್ಲಿ "ಅಲಕ್ಷ್ಯ" ಎಂಬ ಪದ ಇನ್ನೂ ಇದೆ. ಅದನ್ನು ಅಲ್ಲಿ ಕೂರಿಸಿದ್ದು ನಿನ್ನ ಸಾಕ್ಷಿ. ಯಂತ್ರ ಸುಳ್ಳು ಹೇಳಿತು ಎಂದು ನಾನು ಬರೆದರೆ ಅದು ತಾಂತ್ರಿಕ ವರದಿ. ನೀನು ಬರೆದರೆ ಅವರ ಹೆಸರು ಅವರಿಗೆ ಹಿಂದಿರುಗುತ್ತದೆ. ಬರೆ ಎಂದು ನಾನು ಕೇಳುವುದಿಲ್ಲ. ಪರದೆಯ ಫೋಟೋ ಜೊತೆಗಿಟ್ಟಿದ್ದೇನೆ.

ಅರ್ಧವಿರಾಮ

---

ಜುಲೈ 6

ಅಕ್ಕನಿಗೆ,

ಆಸ್ಪತ್ರೆಗೆ ಬರೆದ ಕಾಗದದ ನಕಲು ಇದರ ಜೊತೆಗಿದೆ. ಮೊದಲು ಅದನ್ನು ಓದು. ನಾನು ಮಾಡಿದ ಯಂತ್ರ ತಪ್ಪು ಹೆಸರು ತೋರಿಸಿತು, ನೀನು ಪರದೆಯ ಮೇಲಿದ್ದದ್ದನ್ನೇ ಓದಿದೆ, ತಪ್ಪು ನನ್ನದು ಎಂದು ಅದರಲ್ಲಿದೆ. ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ.

ಅದರಲ್ಲಿ ಬರೆಯದಿದ್ದ ಒಂದು ಮಾತು ನಿನಗೆ ಬರೆಯಬೇಕು. ಮೂರು ವಾರದಿಂದ ಬರೆದು ಹರಿದು ಹಾಕುತ್ತಿದ್ದೇನೆ.

ಪರೀಕ್ಷೆಯ ಮೂರನೆಯ ದಿನ, ಸಮಿತಿಯವರು ಚಹಾಕ್ಕೆ ಎದ್ದಿದ್ದರು. ನಾನೊಬ್ಬನೇ ಗುಂಡಿಗಳ ಮುಂದೆ ಕೂತಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವವನಲ್ಲ. ಮೂರು ದಿನವೂ ಒಂದಾದ ಮೇಲೊಂದು ಗುಂಡಿ ಒತ್ತಿದ್ದೆ. ಮಕ್ಕಳು ಹಾಗೆ ಸರದಿಯಲ್ಲಿ ನಿಂತು ಉಸಿರು ಕಟ್ಟುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಆಗ ಕನ್ನಡಕ ಜಾರಿತು, ಹಿಡಿಯಲು ಹೋಗಿ ಮೊಣಕೈ ಎರಡು ಗುಂಡಿಗಳ ಮೇಲೆ ಬಿತ್ತು. ಪರದೆಯ ಮೇಲೆ ಎರಡು ಸಾಲು, ಒಂದೇ ಹೆಸರು ಕಂಡ ಹಾಗಾಯಿತು. ಒರೆಸುವ ಗುಂಡಿ ಒತ್ತಿದೆ. ಒಂದೇ ಗುಂಡಿಗೆ ಎರಡು ಸಲ ಮೊಣಕೈ ತಗುಲಿರಬೇಕು ಎಂದುಕೊಂಡೆ. ಇನ್ನೊಮ್ಮೆ ಒತ್ತಿ ನೋಡಲಿಲ್ಲ ಅಕ್ಕ. ಇನ್ನೊಮ್ಮೆ ಒತ್ತಿ ನೋಡಬಹುದಿತ್ತು. ಸಮಿತಿಯವರು ವಾಪಸು ಬಂದರು, ನಾನು ಯಂತ್ರ ಸುಳ್ಳು ಹೇಳಲ್ಲ ಅಂದೆ.

ಹತ್ತೊಂಬತ್ತು ವರ್ಷ ನಾನು ಅದನ್ನು ನೋಡಲೇ ಇಲ್ಲ ಎಂದು ನಂಬಿಕೊಂಡಿದ್ದೆ. ಮನೆಗೆ ಕಂಪ್ಯೂಟರ್ ತರದಿದ್ದದ್ದಕ್ಕೆ ಕಣ್ಣು, ವಯಸ್ಸು ಎಂದೆಲ್ಲ ಕಾರಣ ಕೊಡುತ್ತಿದ್ದೆ. ಮಗಳು ಕಳಿಸಿದ ಫೋಟೋ ನೋಡಿದಾಗ ಮೊಣಕೈ ನೋಯಿತು. ಮೈಗೆ ಎಲ್ಲ ಗೊತ್ತಿತ್ತು.

ಅವಳ ತಕರಾರಮ್ಮನನ್ನು ನಾನು ಮೊದಲು ಗೇಲಿ ಮಾಡಿದ್ದೆ. ಈಗ ಈ ಕಿಟಕಿಯ ಹತ್ತಿರ ಕೂತು ಅದನ್ನೇ ಯೋಚಿಸುತ್ತೇನೆ. ನನ್ನ ಹನ್ನೊಂದು ಸಾಲನ್ನು ಓಡಿಸದೆ ಬರೀ ಓದಿ, ನಾನು ಮುಚ್ಚಿಟ್ಟದ್ದನ್ನು ಹೇಳಿಬಿಟ್ಟಿತಲ್ಲ. ಇಪ್ಪತ್ತಾರು ವರ್ಷ ನನ್ನ ಜಾಣತನ ಎಂದುಕೊಂಡಿದ್ದು ಬರೀ ಅದೃಷ್ಟ. ಎಷ್ಟು ಮಕ್ಕಳು ಆ ಅದೃಷ್ಟದ ಕೆಳಗೆ ಮಲಗಿ ಉಸಿರಾಡಿ ಮನೆಗೆ ಹೋಗಿದ್ದಾರೆ ಎಂದು ನೆನೆದರೆ ತಾನಾಗಿ ಕೈ ಮುಗಿಯುವಂತಾಗುತ್ತದೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ಕೇಳುವ ಹಕ್ಕು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ನಿನ್ನ ತಮ್ಮ

---

ಆಗಸ್ಟ್ 19

ಅಪ್ಪನಿಗೆ,

ನೆನ್ನೆ ಬೆಳಿಗ್ಗೆ ಹೊಸ ಯಂತ್ರ ವಾರ್ಡಿಗೆ ಹೋಯಿತು. ಆಸ್ಪತ್ರೆಯವರು ಅತ್ತೆಯನ್ನೂ ಕರೆದಿದ್ದರು. ಅವರ ಕಡತ ತರಿಸಿ, "ಅಲಕ್ಷ್ಯ" ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಿನ್ನ ಕಾಗದದ ದಿನಾಂಕ ಬರೆದು, ಅದನ್ನು ಅವರ ಕೈಗೆ ಕೊಟ್ಟು ಓದಲು ಹೇಳಿದರು. ಅತ್ತೆ ಓದಿ, ಮಡಿಚಿ, ಹಿಂದಕ್ಕೆ ಕೊಟ್ಟರು. ಕೈ ತೊಳೆದುಕೊಂಡು ಬರುತ್ತೇನೆ ಎಂದು ಹೋಗಿ ಬಹಳ ಹೊತ್ತು ಬರಲಿಲ್ಲ. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು.

ಬಂದ ಮೇಲೆ ಪರೀಕ್ಷೆಯ ಗುಂಡಿಗಳ ಮುಂದೆ ನಿಂತು ಎರಡೂ ಕೈಯಿಂದ ಎರಡನ್ನು ಒಟ್ಟಿಗೇ ಒತ್ತಿದರು. ಎರಡು ಸಾಲು, ಎರಡು ಹೆಸರು. ಮತ್ತೆ ಒತ್ತಿದರು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ, ನರ್ಸುಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಆಮೇಲೆ ಒಂದೊಂದೇ ತೊಟ್ಟಿಲಿಗೆ ಹೋಗಿ ಬಗ್ಗಿ ಕಾಲಿನ ಪಟ್ಟಿ ಓದಿದರು. ಒಂದು ಮಗು ಅವರ ಬೆರಳನ್ನು ಹಿಡಿದುಕೊಂಡು ಬಿಡಲಿಲ್ಲ. ಅವರೂ ಬಿಡಿಸಿಕೊಳ್ಳಲಿಲ್ಲ.

ಹೊರಗೆ ಬರುವಾಗ ತಕರಾರಮ್ಮ ಎಲ್ಲಿದ್ದಾಳೆ, ನೋಡಬಹುದಾ ಎಂದು ಕೇಳಿದರು. ಅವಳಿಗೆ ಮೈಯಿಲ್ಲ ಎಂದೆ. "ಇದ್ದಿದ್ರೆ ಒಂದು ಲೋಟ ಚಹಾ ಕೊಡ್ತಿದ್ದೆ" ಅಂದರು.

ನಿನ್ನ ಬಗ್ಗೆ ಏನೂ ಮಾತಾಡಲಿಲ್ಲ. ಬಸ್ಸು ಹತ್ತುವ ಮೊದಲು ನಿನ್ನ ವಿಳಾಸ ಅದೇ ಇದೆಯಾ, ಬದಲಾಗಿದೆಯಾ ಎಂದು ಮಾತ್ರ ಕೇಳಿದರು.

ಅರ್ಧವಿರಾಮ

---

ಸೆಪ್ಟೆಂಬರ್ 3

ಮೊಂಡನಿಗೆ,

ನಿನ್ನನ್ನು ಹೀಗೆ ಕರೆದು ಹತ್ತೊಂಬತ್ತು ವರ್ಷವಾಯಿತು. ಹುಟ್ಟಿದಾಗ ನೀನು ಉಸಿರೆಳೆಯದೆ ಹಟ ಮಾಡಿದ್ದಕ್ಕೆ ನಾನೇ ಇಟ್ಟ ಹೆಸರು. ಏಳು ವರ್ಷದ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೀಲಿಯಾಗಿದ್ದವನು ಕೆಂಪಾದೆ. ಆಮೇಲೆ ನಾನು ನರ್ಸ್ ಆದದ್ದಕ್ಕೆ ಅದೇ ಕಾರಣ. ನಿನಗೆ ಹೇಳಿರಲಿಲ್ಲ.

ನಿನ್ನ ಕಾಗದ ತಲುಪಿತು. ಎರಡು ತಿಂಗಳು ಉತ್ತರ ಬರೆಯಲಿಲ್ಲ, ಸಿಟ್ಟಿತ್ತು. ಮೊಣಕೈಯ ಮಾತು ಓದಿದಾಗ ಇನ್ನೂ ಹೆಚ್ಚಾಯಿತು. ಹೊದಿಕೆ ಎಣಿಸಿದ ವರ್ಷಗಳನ್ನು ನೀನು ಹಿಂದಕ್ಕೆ ಕೊಡಲಾರೆ, ನೀನು ಕೊಟ್ಟೆ ಎಂದು ನಾನೂ ನಟಿಸಲಾರೆ. ಆದರೆ ಯಾರೂ ನೋಡದಿದ್ದ ಆ ಸಂಗತಿಯನ್ನು ನೀನು ಬರೆಯದೆಯೂ ಇರಬಹುದಿತ್ತು. ಬರೆದೆ. ಹೊಡೆದುಹಾಕಿದ ಪದವೂ ಬೆಳಕಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ನಿನ್ನ ಮಗಳು ಭಾನುವಾರ ಬಂದಿದ್ದಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ಇದ್ದಷ್ಟರಲ್ಲೇ ಜಡೆ ಹಾಕಿದೆ. ಎರವಲು ತಂದದ್ದನ್ನು ಹಿಂದಿರುಗಿಸುವುದರ ಬಗ್ಗೆ ಒಂದು ಗಂಟೆ ಹೇಳಿದಳು. ಪೂರ್ತಿ ತಿಳಿಯಿತು ಎಂದರೆ ಸುಳ್ಳಾಗುತ್ತದೆ. ಯಾವುದು ಯಾರದು, ಎಲ್ಲಿಯವರೆಗೆ ಅವರದು ಎಂದು ಮೊದಲೇ ಹೇಳಿಬಿಡಬೇಕು, ಅಷ್ಟು ತಿಳಿಯಿತು.

ಇದರೊಳಗೆ ಒಂದು ಬಟ್ಟೆಯ ಪಟ್ಟಿ ಇಟ್ಟಿದ್ದೇನೆ. ಶಾಯಿ ಆರಿದ ಮೇಲೆ ಮಡಿಚಿದ್ದು, ಹರಡಿರುವುದಿಲ್ಲ. ಅದರ ಮೇಲೆ "ನನ್ನ ತಮ್ಮ" ಎಂದು ಬರೆದಿದ್ದೇನೆ. ಕೈಗೆ ಕಟ್ಟಿಕೊಳ್ಳುತ್ತೀಯೋ ಪೆಟ್ಟಿಗೆಯಲ್ಲಿಡುತ್ತೀಯೋ ನಿನಗೆ ಬಿಟ್ಟಿದ್ದು. ಎರವಲಲ್ಲ ಕಣೋ. ಹಿಂದಿರುಗಿಸಬೇಡ.

ಅಕ್ಕ